ಟೀಪಾಯಿಯಲ್ಲಿ ಟೀ ಇಲ್ಲ

ನಮ್ಮ ಮನೆಗಳ ಹಜಾರದಲ್ಲಿ, ಸೋಫಾದ ಎದುರು ಇರುವ ಗಿಡ್ಡ ಮೇಜಿನ ಹೆಸರು ಟೀಪಾಯಿ. ಮೇಲೆ ಗಾಜಿನ ಹಲಗೆ, ಗಾಜಿನಡಿಯಲ್ಲಿ ಕ್ರೋಶಾ ಕಡ್ಡಿಯಿಂದ ಹೆಣೆದ ಬಟ್ಟೆ, ಗಾಜಿನ ಮೇಲೆ ಅಂದಿನ ಪತ್ರಿಕೆ, ಟಿ.ವಿ. ರಿಮೋಟು, ಕನ್ನಡಕದ ಡಬ್ಬಿ. ಕೆಳಗೊಂದು ಅಟ್ಟಣೆ ಇದ್ದರೆ ಅಲ್ಲಿ ಹಳೆಯ ವಾರಪತ್ರಿಕೆಗಳ ಕಟ್ಟು. ನೆಂಟರು ಬಂದಾಗ ಇವೆಲ್ಲ ಒತ್ತಟ್ಟಿಗೆ ಸರಿದು ತಟ್ಟೆ, ಲೋಟಗಳಿಗೆ ಜಾಗವಾಗುತ್ತದೆ. ಟೀ ಇಡುವ ಮೇಜು, ಅದಕ್ಕೇ ಟೀಪಾಯಿ ಎಂದು ಹೆಚ್ಚಿನವರ ಲೆಕ್ಕಾಚಾರ. ಹಾಗಾದರೆ ಹಿಂದೆ ಉಳಿಯುವ ‘ಪಾಯಿ’ ಏನು ಎಂದು ಕೇಳುವವರು ಕಡಿಮೆ.

ಕೇಳಲೇಬೇಕಾದ ಪ್ರಶ್ನೆ ಅದು. ಏಕೆಂದರೆ ಆ ಪದದಲ್ಲಿ ಟೀ ಇಲ್ಲ. ಇರುವುದು ಮೂರು ಕಾಲು.

‘ಟೀಪಾಯ್’ ಇಂಗ್ಲಿಷ್ ನಿಘಂಟುಗಳಲ್ಲಿರುವ ಪದವೇ. ಆದರೆ ಇವತ್ತು ಇಂಗ್ಲೆಂಡಿನಲ್ಲಿ ಅದನ್ನು ಬಳಸುವವರು ಹಳೆಯ ಪೀಠೋಪಕರಣಗಳ ವ್ಯಾಪಾರಿಗಳು, ಹರಾಜು ಕಟ್ಟೆಯವರು ಮತ್ತು ಅವುಗಳ ಸಂಗ್ರಾಹಕರು ಮಾತ್ರ. ಅಲ್ಲಿ ಸಾಮಾನ್ಯರ ಬಾಯಿಂದ ಜಾರಿಹೋದ ಈ ಜೋಡುಪದ ಕನ್ನಡ, ತೆಲುಗು, ತಮಿಳು, ಮಲಯಾಳ, ಮರಾಠಿ ಮನೆಗಳಲ್ಲಿ ದಿನಬಳಕೆಯ ಮಾತಾಗಿ ಉಳಿದಿದೆ. ಭಾರತದಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಹೋಗಿ, ಅಲ್ಲಿ ತಪ್ಪು ಅರ್ಥ ಹೊತ್ತುಕೊಂಡು, ಆ ತಪ್ಪಿನ ಸಮೇತ ಹಿಂದಿರುಗಿದ ಪದ ಇದು.

ಇದರ ಜಾತಕವನ್ನು ಗಂಭೀರವಾಗಿ ಬರೆದದ್ದು 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ಎಂಬ ನಿಘಂಟು. ಭಾರತದಲ್ಲಿದ್ದ ಇಂಗ್ಲಿಷರ ಆಡುಮಾತಿನ ಪದಕೋಶ ಅದು. ಸಿದ್ಧಪಡಿಸಿದವರು ಇಬ್ಬರು: ಬಂಗಾಳದಲ್ಲಿ ಸೇನಾ ಎಂಜಿನಿಯರ್ ಆಗಿದ್ದು, ನಿವೃತ್ತಿಯ ನಂತರ ಮಾರ್ಕೊ ಪೋಲೊನ ಪ್ರವಾಸಕಥನವನ್ನು ಟಿಪ್ಪಣಿಗಳೊಂದಿಗೆ ಇಂಗ್ಲಿಷಿಗೆ ತಂದ ಹೆನ್ರಿ ಯೂಲ್, ಮತ್ತು ಮದ್ರಾಸ್ ಸಿವಿಲ್ ಸರ್ವಿಸಿನ ಆರ್ಥರ್ ಕೋಕ್ ಬರ್ನೆಲ್.

ಬರ್ನೆಲ್ ಕನ್ನಡಿಗರಿಗೆ ಪರಕೀಯನಲ್ಲ. ಆತ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು. ದಕ್ಷಿಣ ಭಾರತದ ಲಿಪಿಗಳ ಬೆಳವಣಿಗೆಯ ಬಗ್ಗೆ ಬರೆದ ಆತನ ಗ್ರಂಥದ ಮೊದಲ ಮುದ್ರಣ ಹೊರಬಂದದ್ದು 1874ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ. ತುಳುನಾಡಿನ ಭೂತಾರಾಧನೆಯ ಬಗ್ಗೆ, ಪಾಡ್ದನಗಳ ಬಗ್ಗೆ ಆತ ಕಲೆಹಾಕಿದ ಕಾಗದಪತ್ರಗಳು ಆತ ತೀರಿಕೊಂಡ ಮೇಲೆ, 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟವಾದವು. ಯೂಲ್ ಮತ್ತು ಬರ್ನೆಲ್ ಮೊದಲು ಭೇಟಿಯಾದದ್ದು 1872ರಲ್ಲಿ. ಅಲ್ಲಿಂದ ಪತ್ರಗಳಲ್ಲೇ ಪದಗಳ ಕೊಡುಕೊಳ್ಳುವಿಕೆ ನಡೆಯಿತು. 1882ರಲ್ಲಿ, ನಿಘಂಟು ಅಚ್ಚಿಗೆ ಹೋಗುವ ಮೊದಲೇ, ಬರ್ನೆಲ್ ತನ್ನ ನಲವತ್ತೆರಡರ ಆಸುಪಾಸಿನಲ್ಲಿ ತೀರಿಕೊಂಡ. ಉಳಿದ ಕೆಲಸವನ್ನು ಯೂಲ್ ಒಬ್ಬನೇ ಮುಗಿಸಿ, ಗೆಳೆಯನ ಹೆಸರನ್ನೂ ಮುಖಪುಟದಲ್ಲಿ ಉಳಿಸಿಕೊಂಡ.

ಟೀಪಾಯಿಯ ವಿಷಯದಲ್ಲಿ ಈ ನಿಘಂಟು ಖಂಡಿತವಾಗಿ ಮಾತಾಡುತ್ತದೆ. ಇಂಗ್ಲೆಂಡಿನ ಜನ ಇದಕ್ಕೂ ಟೀಗೂ ನಂಟು ಕಲ್ಪಿಸಿಕೊಂಡಿದ್ದಾರೆ, ಲಂಡನ್ನಿನ ಅಂಗಡಿಗಳಲ್ಲಂತೂ ಕಾಲುಗಳ ಮೇಲೆ ಕೂರಿಸಿದ ಟೀ ಪೆಟ್ಟಿಗೆಯನ್ನೇ ಹಾಗೆ ಕರೆಯುತ್ತಾರೆ, ಅದು ಪೂರ್ತಿ ತಪ್ಪು ಎನ್ನುತ್ತದೆ. ನಿಜವಾದ ಮೂಲ ಹಿಂದುಸ್ತಾನಿಯ ‘ತಿಪಾಈ’. ಮೂರು ಎಂಬರ್ಥದ ‘ತೀನ್’, ಕಾಲು ಎಂಬರ್ಥದ ಪಾರಸಿಯ ‘ಪಾಯ್’ ಸೇರಿ ಆದದ್ದು. ನಾಲ್ಕು ಕಾಲಿನ ಹಗ್ಗದ ಮಂಚ ‘ಚಾರ್‌ಪಾಈ’ ಆದರೆ ಮೂರು ಕಾಲಿನ ಪುಟ್ಟ ಮೇಜು ‘ತಿಪಾಈ’.

ಇಲ್ಲೊಂದು ತೊಡಕಿದೆ. ಅರ್ಧ ಹಿಂದಿ, ಅರ್ಧ ಪಾರಸಿ ಆಗಿ ಪದ ಏಕೆ ಹುಟ್ಟಿತು? ಪಾರಸಿಯಲ್ಲಿ ಮೂರಕ್ಕೆ ‘ಸಿಹ್’. ಮೂರು ಕಾಲಿನದಕ್ಕೆ ‘ಸಿಹ್‌ಪಾಯಾ’ ಎಂಬ ಶುದ್ಧ ಪಾರಸಿ ಪದವೇ ಇತ್ತು. 1398ರಲ್ಲಿ ತೈಮೂರ ಸಿಂಧೂ ನದಿ ದಾಟಲು ಸೇತುವೆ ಕಟ್ಟಿಸಿದಾಗ ಬಳಸಿದ ಮುಕ್ಕಾಲಿನ ಆಸರೆಗಳನ್ನು ಅವನ ಚರಿತ್ರೆಕಾರ ಅಲಿ ಯಜ್ದಿ ಕರೆದದ್ದು ಇದೇ ಹೆಸರಿನಿಂದ. ಮಾತಿನಲ್ಲಿ ಸವೆದರೆ ಅದು ‘ಸಿಪಾಈ’ ಆಗುತ್ತದೆ. ಕನ್ನಡ ಓದುಗರಿಗೆ ತೊಂದರೆ ಏನೆಂದು ಕೂಡಲೇ ಹೊಳೆಯುತ್ತದೆ: ಸಿಪಾಯಿ ಎಂದರೆ ಸೈನಿಕ. ಅದು ಬಂದದ್ದು ಸೈನ್ಯ ಎಂಬರ್ಥದ ‘ಸಿಪಾಹ್’ ಎಂಬ ಬೇರೆಯೇ ಪಾರಸಿ ಪದದಿಂದ. ಬಾಗಿಲಲ್ಲಿ ನಿಂತವನಿಗೂ ಕೋಣೆಯಲ್ಲಿಟ್ಟ ಮೇಜಿಗೂ ಒಂದೇ ಹೆಸರಾದರೆ ಕಷ್ಟ. ಆ ಗೊಂದಲ ತಪ್ಪಿಸಲು, ಇಲ್ಲವೇ ಚಾರ್‌ಪಾಈಯನ್ನು ಅನುಕರಿಸಿ, ಯಾರೋ ಯುರೋಪಿಯನ್ನನೇ ‘ತಿಪಾಈ’ಯನ್ನು ಸೃಷ್ಟಿಸಿರಬಹುದು ಎಂದು ಹಾಬ್ಸನ್-ಜಾಬ್ಸನ್ ಊಹಿಸುತ್ತದೆ.

ಊಹೆ ಜಾಣತನದ್ದು. ಆದರೆ ಯುರೋಪಿಯನ್ನನನ್ನು ಇಲ್ಲಿ ಎಳೆದು ತರುವ ಅಗತ್ಯವೇ ಇಲ್ಲ. ಹಿಂದಿಯಲ್ಲಿ ಸಮಾಸದ ಮೊದಲಿಗೆ ಬಂದಾಗ ಮೂರು ಎಂಬುದು ‘ತಿ’ ಆಗುವುದು ಸಹಜ ನಿಯಮ. ಮೂರು ಬಣ್ಣದ ಬಾವುಟ ತಿರಂಗಾ, ಮೂರು ದಾರಿ ಕೂಡುವ ಜಾಗ ತಿರಾಹಾ, ಮೂರು ಮೂಲೆಯದು ತಿಕೋನಾ. ರಂಗ್, ರಾಹ್ ಎರಡೂ ಪಾರಸಿಯಿಂದ ಬಂದ ಪದಗಳು. ಹಿಂದಿಯ ‘ತಿ’ ಅವುಗಳ ಜೊತೆ ಸಲೀಸಾಗಿ ಕೂಡಿಕೊಂಡಿದೆ. ಉತ್ತರ ಭಾರತದ ಯಾವ ಬಡಗಿಯ ಬಾಯಲ್ಲಾದರೂ ‘ತಿಪಾಈ’ ತಾನಾಗಿ ಹುಟ್ಟಬಹುದಾಗಿತ್ತು. ಮೂರು ಕಾಲಿನ ಆಸರೆ ಸಾಹೇಬರು ಬರುವ ಮೊದಲೂ ಈ ನೆಲದಲ್ಲಿತ್ತು, ಅದಕ್ಕೆ ಹೆಸರಿಡಲು ಬೇಕಾದ ಸಾಮಗ್ರಿಯೂ ಇತ್ತು.

‘ಪಾಯ್’ ಎಂಬುದನ್ನು ಬೆನ್ನು ಹತ್ತಿದರೆ ದೊಡ್ಡ ಕುಟುಂಬವೇ ಎದುರಾಗುತ್ತದೆ. ಸಂಸ್ಕೃತದ ಪಾದ, ಪಾರಸಿಯ ಪಾಯ್, ಗ್ರೀಕಿನ ಪೊದ್, ಲ್ಯಾಟಿನ್ನಿನ ಪೆದ್, ಇಂಗ್ಲಿಷಿನ ಫುಟ್ ಎಲ್ಲವೂ ಒಂದೇ ಬೇರಿನವು. ಕಾಲಿಗೆ ತೊಡುವ ಪೈಜಾಮದಲ್ಲಿ ಅದಿದೆ. ಬೆಂಗಳೂರಿನ ಹೋಟೆಲುಗಳ ಪಾಯಾ ಸೂಪಿನಲ್ಲಿದೆ. ಮನೆ ಕಟ್ಟುವ ಮೊದಲು ತೆಗೆಯುವ ಪಾಯದಲ್ಲಿಯೂ ಇದೆ. ‘ಅಡಿಪಾಯ’ ಎಂದಾಗಲಂತೂ ಕನ್ನಡದ ಪಾದ ಒಂದು, ಹೊರಗಿನ ಪಾದ ಒಂದು ಜೋಡಿಯಾಗಿ ನಿಲ್ಲುತ್ತವೆ. ಕ್ಯಾಮೆರಾ ನಿಲ್ಲಿಸುವ ಟ್ರೈಪಾಡ್ ಗ್ರೀಕಿನ ಮೂರು ಕಾಲು. ಬಿಸಿ ಪಾತ್ರೆ ಇಡುವ ಟ್ರಿವೆಟ್ ಲ್ಯಾಟಿನ್ನಿನ ಮೂರು ಕಾಲು. ಟೀಪಾಯಿ ಇವೆರಡರ ಹಿಂದುಸ್ತಾನಿ ತಂಗಿ. ಗ್ರೀಕರು ಮೇಜಿಗೆ ನಾಲ್ಕು ಕಾಲು ಎಂಬರ್ಥದಲ್ಲಿ ‘ತ್ರಪೇಜ’ ಎಂದರು. ಅದರಿಂದ ರೇಖಾಗಣಿತಕ್ಕೆ ಟ್ರಪೀಜಿಯಂ ಬಂತು. ಕನ್ನಡ ಶಾಲೆಯ ಮಕ್ಕಳು ಅದನ್ನು ‘ತ್ರಾಪಿಜ್ಯ’ ಎಂದು ಕಲಿಯುತ್ತಾರೆ. ಹೀಗೆ ಹತ್ತನೇ ತರಗತಿಯ ಗಣಿತದ ಪುಸ್ತಕದಲ್ಲೂ ಒಂದು ಹಳೆಯ ಮೇಜು ಕಾಲೂರಿ ನಿಂತಿದೆ.

ಕಾವ್ಯಕ್ಕೂ ಕಾಲುಗಳಿವೆ. ತುಳಸೀದಾಸರ ‘ರಾಮಚರಿತಮಾನಸ’ ಹರಿಯುವುದು ಹೆಚ್ಚಾಗಿ ಚೌಪಾಈ ಛಂದಸ್ಸಿನಲ್ಲಿ. ಚೌಪಾಈ ಎಂದರೆ ನಾಲ್ಕು ಪಾದಗಳದ್ದು. ಕನ್ನಡಕ್ಕೆ ಮೂರು ಪಾದಗಳ ತ್ರಿಪದಿ ಹೆಚ್ಚು ಆಪ್ತ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ, ಮುಂದೆ ಸರ್ವಜ್ಞ ಅದನ್ನು ಊರೂರಿನ ನಾಲಿಗೆಗೆ ತಂದ. ತ್ರಿಪದಿ, ತಿಪಾಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅಂಗಾಂಗಗಳು ಒಂದೇ: ಮೊದಲು ಮೂರು, ಆಮೇಲೆ ಪಾದ. ಅಚ್ಚಗನ್ನಡದ ‘ಮುಕ್ಕಾಲು’ ಕೂಡ ಇದೇ ಅಚ್ಚಿನದು. ನಾಲ್ಕು ಕಾಲಿನ ಪ್ರಾಣಿಯ ಒಂದು ಕಾಲು ಅದರ ನಾಲ್ಕನೇ ಒಂದು ಪಾಲು ಎಂಬ ಎಣಿಕೆಯಿಂದ ಕಾಲು ಎಂಬುದು ಲೆಕ್ಕದ ಕಾಲಾಯಿತು, ಮೂರು ಕಾಲು ಮುಕ್ಕಾಲಾಯಿತು. ಸಂಸ್ಕೃತದ ಪಾದಕ್ಕೂ ಈ ಎರಡು ಅರ್ಥಗಳಿವೆ.

ಹೀಗೆ ಕಾಲಿನ ಮೇಲೆ ಭದ್ರವಾಗಿ ನಿಂತ ಪದದೊಳಗೆ ಟೀ ಹೇಗೆ ಸೇರಿಕೊಂಡಿತು?

ಅದಕ್ಕೆ ಮೊದಲು ಟೀ ಎಂಬ ಹೆಸರೇ ಇಂಗ್ಲಿಷಿಗೆ ಬರಬೇಕಿತ್ತು. ಚೀನಾದ ಒಂದೇ ಸೊಪ್ಪಿಗೆ ಜಗತ್ತಿನಲ್ಲಿ ಎರಡು ಹೆಸರು ಹರಡಿದವು. ಭೂಮಾರ್ಗದಲ್ಲಿ ಪರ್ಷಿಯಾ, ಉತ್ತರ ಭಾರತಗಳಿಗೆ ಬಂದದ್ದು ‘ಚಾ’. ಮಕಾವಿನಿಂದ ಕೊಂಡ ಪೋರ್ಚುಗೀಸರದ್ದೂ ‘ಚಾ’. ಫುಜಿಯನ್ ಕರಾವಳಿಯ ಭಾಷೆಯಲ್ಲಿ ಅದು ‘ತೆ’. ಡಚ್ಚರ ಹಡಗುಗಳಲ್ಲಿ ಯುರೋಪಿಗೆ ಹೋದದ್ದು ಈ ರೂಪ. ಕರ್ನಾಟಕದಲ್ಲಿ ಎರಡೂ ಕೂಡಿವೆ. ಧಾರವಾಡದ ಮನೆಯಲ್ಲಿ ಚಹಾ, ಮೈಸೂರಿನ ಮನೆಯಲ್ಲಿ ಟೀ. ಇಂಗ್ಲಿಷರು ಪೋರ್ಚುಗೀಸರಂತೆ ‘ಚಾ’ ಎಂದೇ ಕರೆದಿದ್ದರೆ ತಿಪಾಈಗೆ ಈ ಗತಿ ಬರುತ್ತಿರಲಿಲ್ಲ. ಇನ್ನೂ ಒಂದು ಮಾತು: ಹದಿನೆಂಟನೇ ಶತಮಾನದ ಆರಂಭದಲ್ಲೂ ಇಂಗ್ಲೆಂಡಿನ ಅನೇಕರು ಅದನ್ನು ಉಚ್ಚರಿಸುತ್ತಿದ್ದದ್ದು ‘ಟೇ’ ಎಂದು, ಕವಿ ಅಲೆಕ್ಸಾಂಡರ್ ಪೋಪ್ ಅದಕ್ಕೆ ಹೊಂದಿಸಿದ ಪ್ರಾಸಗಳೇ ಸಾಕ್ಷಿ. ಅದು ‘ಟೀ’ ಆಗಿ ನೆಲೆಗೊಂಡ ಮೇಲಷ್ಟೇ ತಿಪಾಈಯ ಮೊದಲ ಅಕ್ಷರಕ್ಕೆ ಅದು ತಾಳೆಯಾಗಲು ಸಾಧ್ಯವಾಯಿತು.

ಜೊತೆಗೆ ಟೀ ಆಗ ದುಬಾರಿ ಸಾಮಾನು. 1784ರಲ್ಲಿ ಬ್ರಿಟಿಷ್ ಸಂಸತ್ತು ಟೀ ಮೇಲಿನ ಸುಂಕವನ್ನು ಶೇಕಡ 119ರಿಂದ ಹನ್ನೆರಡೂವರೆಗೆ ಇಳಿಸಿತು ಎಂದರೆ ಅದುವರೆಗಿನ ಬೆಲೆಯನ್ನು ಊಹಿಸಿಕೊಳ್ಳಬಹುದು. ಸೊಪ್ಪನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು, ಕೀಲಿಕೈ ಮನೆಯೊಡತಿಯ ಬಳಿ. ಆ ಪೆಟ್ಟಿಗೆಗೆ ‘ಟೀ ಕ್ಯಾಡಿ’ ಎಂದು ಹೆಸರು. ಅದೂ ಪೂರ್ವದಿಂದ ಹೋದ ಪದವೇ. ಸುಮಾರು 600 ಗ್ರಾಂ ತೂಕವನ್ನು ಮಲಯ ಭಾಷೆಯಲ್ಲಿ ‘ಕಾತಿ’ ಎನ್ನುತ್ತಾರೆ, ತೂಕದ ಹೆಸರು ಇಂಗ್ಲೆಂಡಿಗೆ ಬರುವಾಗ ಡಬ್ಬಿಯ ಹೆಸರಾಗಿಬಿಟ್ಟಿತು.

1808ರಲ್ಲಿ ಜಾರ್ಜ್ ಸ್ಮಿತ್ ಎಂಬ ಪೀಠೋಪಕರಣ ವಿನ್ಯಾಸಕ ಲಂಡನ್ನಿನಲ್ಲಿ ಪ್ರಕಟಿಸಿದ ಮಾದರಿಗಳ ಪುಸ್ತಕದಲ್ಲಿ ‘ಟೀ ಪಾಯ್’ಗಳು ಇವೆ. ಎರಡು ಪದವಾಗಿ ಒಡೆದು ಬರೆದಿದ್ದಾನೆ. ದಿವಾನಖಾನೆಯಲ್ಲಿ ಕುಳಿತ ಅತಿಥಿಗಳು ಉಪಾಹಾರಕ್ಕಾಗಿ ಏಳಬೇಕಾಗದಂತೆ ಪಕ್ಕದಲ್ಲಿಡುವ ಪುಟ್ಟ ಮೇಜುಗಳೆಂದು ಅವುಗಳ ಉಪಯೋಗ ಹೇಳುತ್ತಾನೆ. ಅಂದರೆ ಅಲ್ಲಿ ವಸ್ತು ಇನ್ನೂ ಭಾರತದ್ದೇ, ಬರವಣಿಗೆಯಲ್ಲಿ ಮಾತ್ರ ಟೀ ನುಸುಳಿದೆ. ಬರವಣಿಗೆಯ ಬೆನ್ನಿಗೆ ವಸ್ತುವೂ ಬದಲಾಯಿತು.

ಇಂಗ್ಲೆಂಡಿನ ಆ ಹೊಸ ಟೀಪಾಯಿ ನೋಡಲು ಸೊಗಸಾಗಿತ್ತು. ನಡುವೆ ಕಡೆದ ಒಂದೇ ಕಂಬ, ಕಂಬದ ಬುಡದಲ್ಲಿ ಹರಡಿಕೊಂಡ ಪಾದಗಳು, ಕಂಬದ ತಲೆಯ ಮೇಲೆ ಮಹಾಗನಿಯ ಇಲ್ಲವೇ ರೋಸ್‌ವುಡ್ಡಿನ ಪೆಟ್ಟಿಗೆ. ಬೀಗ ತೆಗೆದು ಮುಚ್ಚಳ ಎತ್ತಿದರೆ ಒಳಗೆ ಬಗೆಬಗೆಯ ಸೊಪ್ಪಿಗೆ ಬೇರೆ ಬೇರೆ ಡಬ್ಬಿಗಳು, ಅವುಗಳ ನಡುವೆ ದುಂಡನೆಯ ಕುಳಿಗಳಲ್ಲಿ ಕೂತ ಗಾಜಿನ ಬಟ್ಟಲುಗಳು. ಹಸಿರು ಸೊಪ್ಪು, ಕಪ್ಪು ಸೊಪ್ಪುಗಳನ್ನು ಮನೆಯೊಡತಿ ಅತಿಥಿಗಳ ಎದುರಿಗೇ ಈ ಬಟ್ಟಲಿನಲ್ಲಿ ಬೆರೆಸುತ್ತಿದ್ದಳು. ಲೋಟ ಇಡಲು ಇದರ ಮೇಲೆ ಜಾಗವೇ ಇಲ್ಲ. ಇಟ್ಟರೆ ಮುಚ್ಚಳ ತೆರೆಯಲಾಗದು. ಒಂದು ಅಕ್ಷರದ ತಪ್ಪು ಗ್ರಹಿಕೆ ಬಡಗಿಯ ಉಳಿಗೆ ಹೊಸ ಕೆಲಸ ಕೊಟ್ಟು, ಹಿಂದೆಂದೂ ಇಲ್ಲದ ಒಂದು ವಸ್ತುವನ್ನು ಲೋಕಕ್ಕೆ ತಂದಿತು. ತಪ್ಪುಗಳು ನಿಘಂಟಿನಲ್ಲಿ ಉಳಿಯುವುದು ಸಾಮಾನ್ಯ, ಮರದಲ್ಲಿ ಮೈತಳೆಯುವುದು ಅಪರೂಪ.

ಭಾರತದಲ್ಲಿದ್ದ ಇಂಗ್ಲಿಷರಲ್ಲಿ ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ನಡೆದಿತ್ತು. ಹಾಬ್ಸನ್-ಜಾಬ್ಸನ್ ಅದಕ್ಕೆ 1844ರ ‘ಪೆರೆಗ್ರಿನ್ ಪುಲ್ಟ್‌ನಿ’ ಎಂಬ ಕಾದಂಬರಿಯಿಂದ ಒಂದು ಸನ್ನಿವೇಶವನ್ನು ಆರಿಸಿದೆ. ಭಾರತಕ್ಕೆ ಹೊಸಬನಾದ ತರುಣನಿಗೆ ಅನುಭವಸ್ಥ ಮುದುಕನೊಬ್ಬ ಟೀಪಾಯಿ ಎಂದರೆ ಮೂರು ಕಾಲಿನ ಮೇಜು, ನಿನ್ನ ಬಲಗಡೆ ಇರುವಂಥದ್ದು ಎಂದು ವಿವರಿಸುತ್ತಾನೆ. ತರುಣ ತಿರುಗಿ ನೋಡಿ, ಇದಕ್ಕೆ ನಾಲ್ಕು ಕಾಲಿವೆಯಲ್ಲ ಎನ್ನುತ್ತಾನೆ. ಇದ್ದರೂ ಅದು ಟೀಪಾಯಿಯೇ ಎಂದು ಮುದುಕನ ತೀರ್ಪು. ಆ ಕಾದಂಬರಿಯನ್ನು ಬರೆದ ಜಾನ್ ವಿಲಿಯಂ ಕೇ ಮುಂದೆ 1857ರ ಸಿಪಾಯಿ ದಂಗೆಯ ಬೃಹತ್ ಚರಿತ್ರೆ ಬರೆದು ಹೆಸರಾದ. ತಿಪಾಈ, ಸಿಪಾಈ ಎರಡೂ ಒಬ್ಬನೇ ಲೇಖಕನ ಲೇಖನಿಯಲ್ಲಿ ಹಾದುಹೋದದ್ದು ಕಾಕತಾಳೀಯ.

ಮುದುಕನ ತೀರ್ಪನ್ನೇ ಕನ್ನಡ ಮನೆಗಳು ಎತ್ತಿಹಿಡಿದಿವೆ. ಇಲ್ಲಿನ ಟೀಪಾಯಿಗಳಲ್ಲಿ ನಾಲ್ಕು ಕಾಲಿನವೇ ಹೆಚ್ಚು.

ಅಪರಿಚಿತ ಪದವನ್ನು ಪರಿಚಿತ ಪದಗಳಾಗಿ ಒಡೆದು ಅರ್ಥ ಮಾಡಿಕೊಳ್ಳುವ ಈ ಪ್ರವೃತ್ತಿಗೆ ಜರ್ಮನ್ ವಿದ್ವಾಂಸ ಅರ್ನ್‌ಸ್ಟ್ ಫರ್ಸ್ಟಮನ್ 1852ರಲ್ಲಿ ಹೆಸರಿಟ್ಟ. ಕನ್ನಡದಲ್ಲಿ ಜಾನಪದ ನಿರುಕ್ತಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಉದಾಹರಣೆಗಳು ದಂಡಿಯಾಗಿವೆ. ‘ಕ್ರೇಫಿಶ್’ ಮೀನಲ್ಲ, ಹಳೆಯ ಫ್ರೆಂಚಿನ ‘ಕ್ರೆವಿಸ್’ನ ಕೊನೆ ಮೀನಿನಂತೆ ಕೇಳಿಸಿತು, ಅಷ್ಟೆ. ‘ಜೆರುಸಲೇಂ ಆರ್ಟಿಚೋಕ್’ ಎಂಬ ಗೆಡ್ಡೆಗೂ ಜೆರುಸಲೇಮಿಗೂ ನಂಟಿಲ್ಲ; ಇಟಲಿಯ ಭಾಷೆಯಲ್ಲಿ ಸೂರ್ಯಕಾಂತಿಗೆ ‘ಜಿರಸೋಲೆ’ ಎನ್ನುವುದು ಹಾಗಾಯಿತು. ನಮ್ಮ ಮನೆಗಳ ಸುತ್ತ ಇರುವ ಕಾಂಪೌಂಡು ಕೂಡ ಇಂಥದ್ದೇ. ಆವರಣ, ಹಳ್ಳಿ ಎಂಬರ್ಥದ ಮಲಯದ ‘ಕಂಪುಂಗ್’ ಅದರ ಮೂಲ ಎಂಬುದು ಹೆಚ್ಚಿನ ವಿದ್ವಾಂಸರ ಮತ. ಇಂಗ್ಲಿಷರ ಕಿವಿಗೆ ಅದು ತಮ್ಮದೇ ‘ಕಾಂಪೌಂಡ್’ ಎಂದು ಕೇಳಿಸಿತು. ಕನ್ನಡಿಗರೂ ಹಿಂದೆ ಬಿದ್ದಿಲ್ಲ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಎಂಬ ಕಥೆ ಜನಪ್ರಿಯ. ಆದರೆ ಕ್ರಿ.ಶ. 890ರ ಸುಮಾರಿನ ಬೇಗೂರಿನ ವೀರಗಲ್ಲಿನಲ್ಲೇ ‘ಬೆಂಗುಳೂರು’ ಇದೆ, ವೀರಬಲ್ಲಾಳ ಹುಟ್ಟುವ ಶತಮಾನಗಳ ಮೊದಲು.

ಯೂಲ್ ತನ್ನ ನಿಘಂಟಿಗೆ ಆರಿಸಿದ ಹೆಸರೂ ಇದೇ ಜಾತಿಯದು. ಮೊಹರಂ ಮೆರವಣಿಗೆಯಲ್ಲಿ ಎದೆ ಬಡಿದುಕೊಂಡು ‘ಯಾ ಹಸನ್, ಯಾ ಹುಸೇನ್’ ಎಂದು ಕೂಗುವುದನ್ನು ಕೇಳಿದ ಬ್ರಿಟಿಷ್ ಸೈನಿಕರ ಬಾಯಲ್ಲಿ ಅದು ತಮ್ಮೂರಿನ ಎರಡು ಅಡ್ಡಹೆಸರುಗಳಾದ ಹಾಬ್ಸನ್, ಜಾಬ್ಸನ್ ಆಯಿತು. 1670ರ ದಶಕದಲ್ಲಿ ಕಾರವಾರ, ಗೋಕರ್ಣಗಳನ್ನೂ ಕಂಡಿದ್ದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರೈಯರ್ ತನ್ನ ಪುಸ್ತಕದಲ್ಲಿ ‘ಹೊಸ್ಸೀನ್ ಗೊಸ್ಸೀನ್’ ಎಂದು ಬರೆದಿದ್ದಾನೆ. ಮೊಹರಂ ದಿನಗಳ ಅಲಾಯಿ ಹಬ್ಬದಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಸೇರುವ, ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುವ ಉತ್ತರ ಕರ್ನಾಟಕದವರಿಗೆ ಆ ಕೂಗಿನ ಹಿಂದಿರುವ ಶೋಕ ಗೊತ್ತು. ಶೋಕದ ಕರೆಯೊಂದು ಹಾಸ್ಯದ ಜೋಡಿ ಹೆಸರಾದದ್ದು ಆಳುವವರ ಅಸಡ್ಡೆಯ ಗುರುತು. ಟೀಪಾಯಿಯ ತಪ್ಪಿಗೆ ಅಂಥ ನೋವಿನ ಮಗ್ಗುಲಿಲ್ಲ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಪದ ಮನೆಗೆ ಮರಳಿದ ಬಗೆ. ಹಿಂದಿಯಲ್ಲಿ ಇವತ್ತಿಗೂ ಅದು ತಿಪಾಈ: ದಂತ್ಯ ‘ತ’, ಹ್ರಸ್ವ ‘ಇ’. ಕನ್ನಡದ್ದು ‘ಟೀ’: ಮೂರ್ಧನ್ಯ ‘ಟ’, ದೀರ್ಘ ‘ಈ’. ವ್ಯತ್ಯಾಸ ಚಿಕ್ಕದು, ಆದರೆ ಪಯಣದ ದಾರಿಯನ್ನು ಅದೇ ಹೇಳಿಬಿಡುತ್ತದೆ. ಹಿಂದುಸ್ತಾನಿಯಿಂದ ನೇರ ಬಂದ ಪದಗಳಲ್ಲಿ ಕನ್ನಡ ‘ತ’ವನ್ನು ‘ತ’ವಾಗಿಯೇ ಉಳಿಸಿಕೊಳ್ಳುತ್ತದೆ: ತಾರೀಕು, ತಕರಾರು, ತಹಶೀಲ್ದಾರ. ಇಂಗ್ಲಿಷಿನ ‘ಟಿ’ ಅಕ್ಷರದ ಧ್ವನಿ ನಮ್ಮ ಕಿವಿಗೆ ‘ಟ’: ಟೇಬಲ್ಲು, ಟಿಕೇಟು, ಟೆಲಿಗ್ರಾಮು. ಹಾಗಾಗಿ ಟೀಪಾಯಿಯ ಮೊದಲರ್ಧ ಇಂಗ್ಲಿಷ್ ಬಾಯಿಯ ಮೂಲಕವೇ ಬಂದದ್ದು. ಮರಾಠಿಯ ‘ಟೀಪಾಯ್’, ತಮಿಳಿನ ‘ಟೀಪ್ಪಾಯ್’ ರೂಪಗಳೂ ಇದನ್ನೇ ಹೇಳುತ್ತವೆ. ಉತ್ತರಾರ್ಧದ ‘ಪಾಯಿ’ಯ ಬಗ್ಗೆ ಇಷ್ಟು ಖಚಿತವಾಗಿ ಹೇಳಲಾಗದು. ಇಂಗ್ಲಿಷಿನ ‘ಬಾಯ್’ ಇದ್ದಂತೆ ‘ಪಾಯ್’ ಆಗಿ ಬಂದು ಕನ್ನಡದ ಕೊನೆಯ ಸ್ವರ ಪಡೆದಿರಬಹುದು; ಆಗಲೇ ಪರಿಚಿತವಾಗಿದ್ದ ಸಿಪಾಯಿಯ ಜಾಡಿನಲ್ಲಿ ಹಿಂದುಸ್ತಾನಿಯಿಂದಲೇ ಬಂದಿರಬಹುದು.

ಈ ಅನುಮಾನ ಬಗೆಹರಿಸುವ ಸಾಕ್ಷ್ಯ ಇರುವುದು ಗ್ರಂಥಾಲಯದಲ್ಲಲ್ಲ, ಮನೆಗಳಲ್ಲಿ. ಬೀದರ್, ಕಲಬುರಗಿ, ವಿಜಯಪುರಗಳ ದಖನಿ ಉರ್ದು ಮಾತಾಡುವ ಕುಟುಂಬಗಳಿಗೆ ತಿಪಾಈ ಇಂಗ್ಲಿಷಿನ ಹಂಗಿಲ್ಲದೆ ನೇರವಾಗಿ ಬಂದಿರುವ ಸಾಧ್ಯತೆ ಇದೆ. ಅವರ ನೆರೆಯ ಕನ್ನಡ ಬಡಗಿಗಳು ಅದನ್ನು ಹಾಗೆಯೇ ಎತ್ತಿಕೊಂಡಿರಲೂಬಹುದು. ಸೋಫಾ ಮಾರುವ ಮಳಿಗೆಗಳಲ್ಲಿ ಈಗ ಟೀಪಾಯಿ ‘ಸೆಂಟರ್ ಟೇಬಲ್’, ‘ಕಾಫಿ ಟೇಬಲ್’ ಆಗುತ್ತಿದೆ; ಮಕ್ಕಳು ಕಲಿಯುತ್ತಿರುವುದೂ ಆ ಹೆಸರುಗಳನ್ನೇ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ, ಊರಿನಲ್ಲಿ ಹಳೆಯ ಆಚಾರಿಗಳಿದ್ದರೆ, ಸೋಫಾದ ಮುಂದಿನ ಗಿಡ್ಡ ಮೇಜಿಗೆ, ಮರ ಕೊಯ್ಯುವಾಗ ಕೊಡುವ ಮುಕ್ಕಾಲಿನ ಆಸರೆಗೆ ಅವರು ಏನೆನ್ನುತ್ತಾರೆ ಎಂದು ಕೇಳಿ. ‘ಟೀ’ ಎನ್ನುತ್ತಾರೋ ‘ತಿ’ ಎನ್ನುತ್ತಾರೋ ಗಮನಿಸಿ, ಊರಿನ ಹೆಸರಿನೊಂದಿಗೆ ಬರೆದಿಡಿ.